ಬಿಸಿಲು ಬಿದ್ದ ಭಾನುವಾರ, ಮೂರು ಕೆರೆ, ನಾಲ್ಕು ಜನ: ನಿಮ್ಮೂರ ಕೆರೆ ಕಥೆ ಹೇಳಿ

ಏರಿಮೇಲಿನವ (ಮೈಸೂರು) · ಭಾನುವಾರ ರಾತ್ರಿ 9:40

ಬುಧವಾರದಿಂದ ಮೈಸೂರಲ್ಲಿ ಸೂರ್ಯನ ಮುಖ ಕಂಡಿರಲಿಲ್ಲ. ಬಂಗಾಳ ಕೊಲ್ಲಿಯಲ್ಲೆಲ್ಲೋ ವಾಯುಭಾರ ಕುಸಿದರೆ ಇಲ್ಲಿ ನಮ್ಮನೆ ಪಂಚೆ ಒಣಗಲ್ಲ. ಶನಿವಾರ ರಾತ್ರಿ ಬೆಂಗಳೂರಿಂದ ಗೆಳೆಯ ಬಂದಿದ್ದ. ‘ನಾಳೆನೂ ಹಿಂಗೇ ಜಿನುಗಿದ್ರೆ ಬೆಳಿಗ್ಗೆ ಬಸ್ಸಿಗೇ ವಾಪಸ್ ಹೋಗ್ತೀನಿ ಕಣೋ’ ಅಂತ ಗೊಣಗಿ ಮಲಗಿದ. ಭಾನುವಾರ ಆರೂವರೆಗೆ ಕಿಟಕಿ ತೆಗೆದರೆ ಆಕಾಶ ಬೆಳಗಿಟ್ಟ ಸ್ಟೀಲ್ ತಟ್ಟೆ! ಒಂದು ಚೂರು ಮೋಡ ಇಲ್ಲ.

ನಾವು ನಾಲ್ಕು ಜನ ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿಯಲ್ಲಿ ಒಟ್ಟಿಗೆ ಓದಿದವರು. ಒಬ್ಬ ಮೇಷ್ಟ್ರು, ಒಬ್ಬ ಡಾಕ್ಟರು, ಒಬ್ಬ ಬೆಂಗಳೂರಿನವನು (ಇಪ್ಪತ್ತು ವರ್ಷದಿಂದ ಅವನ ಹೆಸರೇ ಅದು), ನಾನು. ಏಳು ಗಂಟೆಗೆ ಕುಕ್ಕರಹಳ್ಳಿ ಕೆರೆ ಗೇಟಲ್ಲಿ ಸೇರಿದ್ವಿ. ಅಭ್ಯಾಸಬಲ, ಒಂದು ಸುತ್ತು ಹೊರಟ್ವಿ. ನನ್ನ ಫೋನು ನಾಲ್ಕೂವರೆ ಕಿಲೋಮೀಟರ್ ತೋರಿಸ್ತು. ಆ ನಾಲ್ಕೂವರೆ ಕಿಲೋಮೀಟರಿನಲ್ಲಿ ನಮ್ಮನ್ನು ದಾಟಿ ಹೋದ ನೂರಾರು ಜನರಲ್ಲಿ ನೀರಿನ ಕಡೆ ತಿರುಗಿ ನೋಡಿದವರು ಎಷ್ಟು ಅಂತ ಮೇಷ್ಟ್ರು ಎಣಿಸೋಕೆ ಶುರು ಮಾಡಿದ. ಬೆರಳು ಮುಗಿಯಲಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನು, ಕಣ್ಣು ಮುಂದಿನವರ ಬೆನ್ನಿನ ಮೇಲೆ.

ಅಲ್ಲಿಗೆ ನಡಿಗೆ ಬಿಟ್ಟು ಏರಿ ಪಕ್ಕ ಒಂದು ಕಲ್ಲುಬೆಂಚಲ್ಲಿ ಕೂತ್ಕೊಂಡ್ವಿ. ಮುಂದಿನ ಒಂದೂವರೆ ಗಂಟೆ ಏನೂ ಮಾಡಲಿಲ್ಲ. ನೀರುಕಾಗೆಗಳು ಮುಳುಗಿದ್ದ ಕೊಂಬೆ ಮೇಲೆ ಸಾಲಾಗಿ ಕೂತು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿದ್ದವು, ನಾಲ್ಕು ದಿನದ ಬಟ್ಟೆ ಒಟ್ಟಿಗೆ ಹರವಿದ ಹಾಗೆ. ಡಾಕ್ಟರು ಚಪ್ಪಲಿ ಬಿಟ್ಟು ಕಾಲು ಚಾಚಿ ‘ನಾನೂ ಅದೇ ಜಾತಿ’ ಅಂದ.

ಹತ್ತು ಗಂಟೆ ಆಗ್ತಿದ್ದ ಹಾಗೆ ನಜರ್‌ಬಾದ್ ಕಡೆ ಹೋಗಿ ದೋಸೆ ತಿಂದು (ಯಾವ ಹೋಟೆಲ್ ಅಂತ ಮೈಸೂರಿನವರು ಕೇಳಲ್ಲ, ಹೊರಗಿನವರಿಗೆ ಹೇಳಲ್ಲ) ಕಾರಂಜಿ ಕೆರೆಗೆ. ಪೆಡಲ್ ದೋಣಿ ಹತ್ತಿದ್ವಿ. ಬೆಂಗಳೂರಿನವನು ಕಾಲಾಡಿಸೋ ನಾಟಕ ಮಾಡ್ತಿದ್ದ ಅನ್ನೋದು ದೋಣಿ ಇದ್ದಲ್ಲೇ ಬುಗುರಿ ಥರ ಸುತ್ತೋಕೆ ಶುರು ಮಾಡಿದಾಗ ಗೊತ್ತಾಯ್ತು. ಚಿಟ್ಟೆ ಉದ್ಯಾನದಲ್ಲಿ ನಾಲ್ಕು ದಿನ ಮಳೆಗೆ ಅಡಗಿದ್ದ ಚಿಟ್ಟೆಗಳೆಲ್ಲ ಹೊರಬಿದ್ದಿದ್ದವು. ಮಧ್ಯಾಹ್ನ ಹೊರಗೆ ಬಂದು ಕಾರ್ ಪಕ್ಕ ಮರದ ನೆರಳಲ್ಲಿ ಚಿತ್ರಾನ್ನ, ಮೊಸರನ್ನ. ಚಿತ್ರಾನ್ನದಲ್ಲಿ ಕಡ್ಲೆಬೀಜ ಕಡಿಮೆ ಇತ್ತು ಅನ್ನೋ ಆರೋಪ ನನ್ನ ಮೇಲಿದೆ, ಒಪ್ಕೊಂಡಿದ್ದೀನಿ.

ನಾಲ್ಕು ಗಂಟೆ ಮೇಲೆ ಲಿಂಗಾಂಬುಧಿ ಕೆರೆ. ಅಲ್ಲಿ ಬಿಸಿಲು ಕೆಂಪಾಗೋವರೆಗೂ ಇದ್ವಿ. ಮನೆಗೆ ಬಂದಾಗ ನಾಲ್ವರ ಮೂಗೂ ಕರಿ ಹಿಡಿದಿತ್ತು.

ನನ್ನ ವಾದ ಇಷ್ಟೇ: ಕೆರೆಗೆ ಹೋದ್ರೆ ಸುತ್ತು ಹೊಡೀಬೇಡಿ. ಕೂತ್ಕೊಳಿ. ನಿಮ್ಮೂರ ಕೆರೆಯಲ್ಲಿ ಹೀಗೆ ಒಂದು ದಿನ ಕಳೆದಿದ್ರೆ ಬರೀರಿ.

---

ಗುಳುಮುಳುಕ (ಮೈಸೂರು) · ಭಾನುವಾರ ರಾತ್ರಿ 10:05

ಮಂಗಳವಾರ ಹೋಗಿ ಬಾಗಿಲು ಬಡಿಯೋರಿಗೆ: ಮೃಗಾಲಯದ ಹಾಗೆ ಕಾರಂಜಿಗೂ ಮಂಗಳವಾರ ರಜೆ. ಪ್ರತಿ ವಾರ ಯಾರಾದ್ರೂ ಒಬ್ಬರು ಗೇಟ್ ಮುಂದೆ ನಿಂತು ಪೆಚ್ಚುಮೋರೆ ಹಾಕಿರ್ತಾರೆ, ಒಂದ್ಸಲ ನಾನೂ.

ನೀರುಕಾಗೆ ವಿಷಯ. ಅದು ಬಿಸಿಲು ಕಾಯಿಸ್ತಿರಲಿಲ್ಲ, ನಿಜಕ್ಕೂ ಬಟ್ಟೆ ಒಣಗಿಸ್ತಿತ್ತು. ಬಾತುಕೋಳಿ ಗರಿ ಮೇಲೆ ನೀರು ನಿಲ್ಲಲ್ಲ, ಜಾರಿ ಹೋಗುತ್ತೆ. ನೀರುಕಾಗೆ, ಹಾವಕ್ಕಿಗಳ ಗರಿ ಹಾಗಲ್ಲ, ನೆನೆಯುತ್ತೆ. ನೆನೆದು ಭಾರ ಆದ್ರೇನೇ ಮೀನಿನ ಹಿಂದೆ ಆಳಕ್ಕೆ ಮುಳುಗೋಕೆ ಸಲೀಸು. ಮೇಲೆ ಬಂದ ಮೇಲೆ ಒಣಗಿಸ್ಕೊಬೇಕು. ನಾಲ್ಕು ದಿನ ಮೋಡ ಇದ್ರೆ ಅವಕ್ಕೂ ನಮ್ಮ ಪಂಚೆ ಕಷ್ಟವೇ.

ಇನ್ನೊಂದು. ನೀವು ಬೆಳಿಗ್ಗೆ ಹತ್ತಕ್ಕೆ ಎದ್ದು ದೋಸೆಗೆ ಹೋದ್ರಿ, ಒಳ್ಳೇ ಆಟ ಶುರುವಾಗೋದೇ ಆ ಹೊತ್ತಿಗೆ. ನೆಲ ಕಾದು ಬಿಸಿಗಾಳಿ ಮೇಲೇಳುತ್ತಲ್ಲ, ಅದರ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್) ರೆಕ್ಕೆ ಬಡಿಯದೆ ತಿರುಗ್ತಾ ತಿರುಗ್ತಾ ಏರ್ತವೆ. ಅಷ್ಟು ದೊಡ್ಡ ಹಕ್ಕಿ, ಅಷ್ಟು ಭಾರ, ಒಂದು ಸಲವೂ ರೆಕ್ಕೆ ಆಡಿಸಲ್ಲ. ಮೋಡದ ದಿನ ಈ ಆಟ ಕಾಣಲ್ಲ. ಬೆಳಿಗ್ಗೆ ಆರಕ್ಕೆ ಬಂದು ಏಳಕ್ಕೆ ಹೋಗೋ ವಾಕಿಂಗ್ ಜನಕ್ಕೂ ಕಾಣಲ್ಲ. ಅದಕ್ಕೇ ನಿಮ್ಮ ವಾದಕ್ಕೆ ನನ್ನ ಓಟು.

---

ಸಾಧನಕೇರಿ ಓಣಿ (ಧಾರವಾಡ) · ಭಾನುವಾರ ರಾತ್ರಿ 10:31

ಮೈಸೂರಾಗ ನೀವು ಬಿಸಲು ಅಂತೀರಲ್ರಿ, ನಮ್ಮ ಕಡೆ ಅದಕ್ಕ ನೆಳ್ಳು ಅಂತಾರ.

ಚ್ಯಾಷ್ಟಿ ಬಿಡ್ರಿ. ನಮ್ಮೂರಾಗ ಸಾಧನಕೇರಿ ಐತಿ, ಎದುರಿಗೇ ಬೇಂದ್ರೆ ಅಜ್ಜಾರ ಮನಿ, ಬೇಂದ್ರೆ ಭವನ. ಕೆರಿ ಸಣ್ಣದು, ಆದ್ರ ಸಂಜಿ ಮುಂದ ಅಲ್ಲಿ ಕೂತ್ರ ಊರು ಮರತಂಗ ಆಗ್ತದ. ಕೆಲಗೇರಿ ಕೆರಿ ಊರ ಹೊರಗ, ಅದು ದೊಡ್ಡದು. ಮತ್ತ ಹುಬ್ಬಳ್ಳಿಗೆ ಹೋಗೂ ದಾರ್ಯಾಗ ಉಣಕಲ್ ಕೆರಿ. ಚಿಗರಿ ಬಸ್ಸಿನ್ಯಾಗ ಕೂತ್ರ ಕಿಡಕ್ಯಾಗಿಂದ ಕಾಣ್ತದ. ನಾವು ಕಾಲೇಜಿನ ಐದು ಮಂದಿ ಗೆಳತ್ಯಾರು ವರ್ಷಕ್ಕೊಮ್ಮೆ ಅಲ್ಲಿ ಕೂಡ್ತೀವಿ. ಮೊದಲ ಚಂದ್ರಮೌಳೇಶ್ವರ ಗುಡಿ, ಚಾಲುಕ್ಯರ ಕಾಲದ್ದು, ಒಳಗ ಕಲ್ಲು ತಣ್ಣಗಿರ್ತದ, ಮಧ್ಯಾಹ್ನದ ಬಿಸಲು ಅಲ್ಲೇ ಕಳೀತೀವಿ. ಇಳಿಹೊತ್ತಿಗೆ ಕೆರಿ ದಂಡಿ. ಗಿರ್ಮಿಟ್ಟು, ಮಿರ್ಚಿ ಕಟ್ಟಿಸ್ಕೊಂಡು ಹೋಗೂದು. ಸೂರ್ಯ ನೀರಾಗ ಮುಣುಗೂತನಾ ಒಬ್ಬಾಕಿ ಸೈತ ಮೊಬೈಲ್ ಮುಟ್ಟಬಾರದು ಅಂತ ಕಾಯ್ದೆ ಮಾಡೀವಿ. ಮುರಿದಾಕಿ ಮುಂದಿನ ವರ್ಷದ ಮಿರ್ಚಿ ರೊಕ್ಕ ಕೊಡಬೇಕು. ನಾನು ಮೂರು ವರ್ಷದಿಂದ ಕೊಡಾಕತ್ತೀನಿ.

---

ತೊಗರಿ ನಾಡು (ಕಲಬುರಗಿ) · ಭಾನುವಾರ ರಾತ್ರಿ 10:44

ಧಾರವಾಡದವ್ರು ಬಿಸಲಿನ ಬಗ್ಗಿ ಮಾತಾಡಬ್ಯಾಡ್ರಿ ದಯವಿಟ್ಟು. ಮೇ ತಿಂಗಳಿನಾಗ ಒಮ್ಮಿ ನಮ್ಮೂರ ಅಪ್ಪನ ಕೆರಿಗಿ (ಶರಣಬಸವೇಶ್ವರ ಕೆರಿ) ಬರ್ರಿ. ದಂಡಿ ಮ್ಯಾಗ ಕುಂತು ಎದ್ರ ಚಡ್ಡಿಗಿ ಇಸ್ತ್ರಿ ಆಗಿರ್ತದ.

---

ಜಕ್ಕೂರು ದಾರಿ (ಬೆಂಗಳೂರು) · ಸೋಮವಾರ ಬೆಳಿಗ್ಗೆ 7:50

ಮೆಟ್ರೋದಲ್ಲಿ ನಿಂತು ಓದ್ತಾ ಹೊಟ್ಟೆ ಉರ್ಕೊತಿದ್ದೀನಿ.

ಬೆಂಗಳೂರಲ್ಲಿ ಕೆರೆ ದಿನ ಮಾಡೋದು ಸುಲಭ ಅಲ್ಲ ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ನಮ್ಮಲ್ಲಿ ಕೆರೆಗಳ ಮೇಲೇ ಓಡಾಡ್ತೀವಿ, ಗೊತ್ತಿರಲ್ಲ ಅಷ್ಟೇ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಅದರ ಒಂದು ಸಣ್ಣ ತುಂಡು ಕರಗಕ್ಕೆ ಅಂತ ಉಳಿದಿದೆ, ಹೋಗಿ ನೋಡಿ, ಹೊಟ್ಟೆಗೆ ಹೇಗೋ ಆಗುತ್ತೆ.

ಉಳಿದಿರೋದರಲ್ಲಿ ನಮ್ಮ ಗ್ಯಾಂಗಿನ ಅಡ್ಡಾ ಎರಡು. ಸ್ಯಾಂಕಿ ಕೆರೆ: 1882ರಲ್ಲಿ ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರ್ ಕಟ್ಟಿಸಿದ್ದು, ಪಕ್ಕದಲ್ಲಿ ಸರ್ಕಾರದ ಗಂಧದ ಡಿಪೋ ಇದ್ದಿದ್ದಕ್ಕೆ ಹಳಬರು ಗಂಧದಕೋಠಿ ಕೆರೆ ಅಂತಿದ್ರು. ಮಲ್ಲೇಶ್ವರದಲ್ಲಿ ತಿಂಡಿ ತಿಂದು ಅಲ್ಲಿಗೆ ಹೋದ್ರೆ ಭಾನುವಾರದ ಬೆಳಿಗ್ಗೆ ಸಂಪನ್ನ. ಆದ್ರೆ ಅದು ಪಾರ್ಕ್ ಥರ, ಕೆರೆ ಅನ್ನಿಸಲ್ಲ.

ಕೆರೆ ಅನ್ನಿಸೋದು ಜಕ್ಕೂರು. ನೂರಾ ಅರವತ್ತು ಎಕರೆ. ಬಡಾವಣೆಗಳ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಜೌಗು ದಾಟಿ ಕೆರೆಗೆ. ಬೇಸಿಗೆಯಲ್ಲೂ ನೀರಿರೋದು ಅದಕ್ಕೇ. ಕಳೆದ ಜನವರಿಯಲ್ಲಿ ಆಫೀಸಿನ ಆರು ಜನ ರಜೆ ಹಾಕಿ, ‘ಮನೆಯಿಂದ ಕೆಲಸ’ ಅಲ್ಲ, ಸರಿಯಾಗಿ ರಜೆ ಹಾಕಿ, ಅಲ್ಲಿ ಬೆಳಿಗ್ಗೆಯಿಂದ ಮೀನು ಹಿಡಿಯೋರನ್ನ ನೋಡ್ತಾ ಕೂತಿದ್ವಿ. ಒಬ್ಬ ಮೀನುಗಾರಣ್ಣ ಬಂದು ‘ಏನ್ ಸಾರ್, ಸರ್ವೇನಾ?’ ಅಂದ. ಇಲ್ಲ ಅಂದ್ವಿ. ‘ಜಾಗ ನೋಡೋಕೆ ಬಂದ್ರಾ?’ ಅಂದ. ಸುಮ್ನೆ ಬಂದ್ವಿ ಅಂದ್ರೆ ಕೊನೆವರೆಗೂ ನಂಬಲಿಲ್ಲ.

---

ಕೋಡಿಹರಿದವಳು (ಮೈಸೂರು) · ಸೋಮವಾರ ಬೆಳಿಗ್ಗೆ 11:15

ಎಲ್ಲ ಚೆನ್ನಾಗಿದೆ. ಒಂದು ವಿಷಯ ಮಾತ್ರ ನೀವು ಯಾರೂ ಗಮನಿಸಿಲ್ಲ.

‘ಸುತ್ತು ಹೊಡೀಬೇಡಿ, ಕೂತ್ಕೊಳಿ’ ಅಂತೀರಲ್ಲ. ನಾನು ಕುಕ್ಕರಹಳ್ಳಿಗೆ ಹನ್ನೊಂದು ವರ್ಷದಿಂದ ಒಬ್ಬಳೇ ಹೋಗ್ತಿದ್ದೀನಿ. ನಡೀತಾ ಇದ್ರೆ ಯಾರೂ ಏನೂ ಕೇಳಲ್ಲ. ಒಂದು ದಿನ, ಇಂಥದೇ ಮಾಗಿ ಬಿಸಿಲು, ಒಂದು ಬೆಂಚಲ್ಲಿ ಕೂತೆ. ಇಪ್ಪತ್ತು ನಿಮಿಷದಲ್ಲಿ ಮೂರು ಜನ ಬಂದ್ರು. ಒಬ್ಬರು ಅಜ್ಜ, ‘ಯಾಕಮ್ಮಾ, ಹುಷಾರಿಲ್ವಾ?’ ಅಂತ. ಪಾಪ, ಒಳ್ಳೇ ಮನಸ್ಸಿಂದಲೇ ಕೇಳಿದ್ರು. ಎರಡನೆಯವರು ‘ಯಾರಿಗಾದ್ರೂ ಕಾಯ್ತಿದ್ದೀರಾ?’ ಅಂತ. ಮೂರನೆಯವನು ಏನೂ ಕೇಳದೆ ಪಕ್ಕದ ಬೆಂಚಲ್ಲಿ ಕೂತು ದಿಟ್ಟಿಸ್ತಾ ಇದ್ದ. ಎದ್ದು ನಡೆಯೋಕೆ ಶುರು ಮಾಡಿದೆ.

ನಡಿಗೆ ಅನ್ನೋದು ನಮಗೆ ವ್ಯಾಯಾಮ ಅಷ್ಟೇ ಅಲ್ಲ, ಒಂದು ಪರವಾನಗಿ ಚೀಟಿ. ಶೂ ಹಾಕ್ಕೊಂಡು ಬಿರಬಿರನೆ ಹೋಗ್ತಿದ್ರೆ ಊರು ಒಪ್ಪುತ್ತೆ. ಸುಮ್ಮನೆ ಕೂತ ಹೆಂಗಸು ಅಂದ್ರೆ ಏನೋ ಕಥೆ ಇರಬೇಕು ಅಂತ ಲೆಕ್ಕ. ಹೆಡ್‌ಫೋನ್ ಬಗ್ಗೆ ಆಡ್ಕೊಂಡ್ರಿ ನೋಡಿ, ನನ್ನದರಲ್ಲಿ ಎಷ್ಟೋ ಸಲ ಹಾಡೇ ಇರಲ್ಲ. ಮಾತಾಡಿಸಬೇಡಿ ಅಂತ ಬೋರ್ಡು ಅದು.

ಮತ್ತೆ ನಾನು ನೀರು ನೋಡ್ತೀನಿ. ನಡೀತಾ ನಡೀತಾನೇ ನೋಡ್ತೀನಿ. ದ್ವೀಪದ ಯಾವ ಮರದಲ್ಲಿ ಹೆಜ್ಜಾರ್ಲೆ ಕೂರುತ್ತೆ, ಅಂತರಗಂಗೆ ಕಳೆ ಯಾವ ಮೂಲೆಯಿಂದ ಹಬ್ಬುತ್ತೆ, ಎಲ್ಲ ಗೊತ್ತು.

---

ಸಾಧನಕೇರಿ ಓಣಿ · ಸೋಮವಾರ ಬೆಳಿಗ್ಗೆ 11:22

ಅಕ್ಕಾ ನೂರಕ್ಕ ನೂರು ಖರೆ. ನಾವು ಐದು ಮಂದಿ ಯಾಕ ಕೂಡಿ ಹೋಗ್ತೀವಿ ಅಂದ್ರ ಇದಕ್ಕೂ ಹೌದು. ಐದು ಮಂದಿ ಕೂತ್ರ ಅದು ‘ಲೇಡೀಸ್ ಪಿಕ್‌ನಿಕ್’. ಒಬ್ಬಾಕಿನ ಕೂತ್ರ ‘ಏನವಾ, ಮನ್ಯಾಗ ಏನರ ಜಗಳಾ ಆತೇನು?’

---

ಏರಿಮೇಲಿನವ · ಸೋಮವಾರ ಮಧ್ಯಾಹ್ನ 1:10

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ಮೇಷ್ಟ್ರು ಎಣಿಸಿದ ಲೆಕ್ಕ ತಪ್ಪು ಅಂತ ಅವನಿಗೂ ಕಳಿಸಿದೆ. ‘ಗಂಡಸರು ಕೂತ್ಕೊಳಿ’ ಅಂತ ತಿದ್ದಿ ಓದಿಕೊಳ್ಳಿ, ಮೊದಲು ಹಾಕಿದ ಪೋಸ್ಟು ಬದಲಾಯಿಸೋಕೆ ಬರ್ತಿಲ್ಲ.

---

ನೇರಮಾತು · ಸೋಮವಾರ ಮಧ್ಯಾಹ್ನ 2:30

ಗೆಳೆಯರು, ಬಿಸಿಲು, ಕೆರೆ, ಎಲ್ಲ ಸರಿ. ಸೋಮವಾರ ಬೆಳಿಗ್ಗೆ ಆ ದಂಡೆಗೆ ಹೋಗಿದ್ದೀರಾ? ಚುರುಮುರಿ ಪೊಟ್ಟಣ, ನೀರಿನ ಬಾಟ್ಲಿ, ಹುಟ್ಟುಹಬ್ಬದ ಕೇಕಿನ ಡಬ್ಬ. ನಮ್ಮ ಬಡಾವಣೆ ಕೆರೆಯಲ್ಲಿ ಭಾನುವಾರದ ‘ಆನಂದ’ವನ್ನ ಸೋಮವಾರ ಗೋಣಿಚೀಲದಲ್ಲಿ ತುಂಬೋದು ನಾವು ಏಳೆಂಟು ಜನ ಮುದುಕರು. ಜನ ಕೆರೆಗೆ ಬರದಿದ್ರೇ ಒಳ್ಳೇದು ಅಂತ ಒಂದೊಂದ್ಸಲ ಅನ್ನಿಸುತ್ತೆ.

ಮೀನಿಗೆ ಬ್ರೆಡ್ಡು, ಮಂಡಕ್ಕಿ ಎಸೆಯೋ ಪುಣ್ಯಾತ್ಮರಿಗೂ ಒಂದು ಮಾತು. ಅದು ತಿಂದಷ್ಟು ತಿಂದು ಮಿಕ್ಕಿದ್ದು ಕೊಳೆಯುತ್ತೆ. ಪುಣ್ಯ ಬೇಕಿದ್ರೆ ಕಸ ಎತ್ತಿ.

---

ಜಕ್ಕೂರು ದಾರಿ · ಸೋಮವಾರ ಮಧ್ಯಾಹ್ನ 2:52

ಕಸದ ಬಗ್ಗೆ ಎರಡು ಮಾತಿಲ್ಲ ಸಾರ್. ಆದ್ರೆ ಜನ ಬರದ ಕೆರೆಗೆ ಏನಾಗುತ್ತೆ ಅಂತ ಬೆಂಗಳೂರಿನವರನ್ನ ಕೇಳಿ. ಮೊದಲು ಮಣ್ಣಿನ ಲಾರಿ ಬರುತ್ತೆ, ಆಮೇಲೆ ತಂತಿ ಬೇಲಿ. ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದಾಗ, 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿದಾಗ, ಆ ನೀರು ಚುರುಮುರಿ ಪೊಟ್ಟಣದಿಂದ ಕೆಟ್ಟಿದ್ದಲ್ಲ. ಪಿಕ್‌ನಿಕ್‌ಗೆ ಬಂದವರು ಮಾಡೋ ಗಲೀಜು ಕಣ್ಣಿಗೆ ಕಾಣುತ್ತೆ. ರಾಜಕಾಲುವೆಯಲ್ಲಿ ಬರೋ ಕೊಳಚೆ ಕಾಣಲ್ಲ.

---

ನೇರಮಾತು · ಸೋಮವಾರ ಸಂಜೆ 3:05

ಕಾಲುವೆದು ದೊಡ್ಡದು ಅಂತ ಪೊಟ್ಟಣದ್ದು ಮಾಫಿ ಆಗಲ್ಲಪ್ಪ. ಬಗ್ಗೋದು ನನ್ನ ಸೊಂಟ.

---

ಜಕ್ಕೂರು ದಾರಿ · ಸೋಮವಾರ ಸಂಜೆ 3:06

ಅದೂ ಸರಿ 🙏

---

ತೂಬು (ನಿವೃತ್ತ, ಸಣ್ಣ ನೀರಾವರಿ) · ಸೋಮವಾರ ರಾತ್ರಿ 8:20

ಮಗಳು ಈ ಚರ್ಚೆ ತೋರಿಸಿದಳು. ಬೆರಳಲ್ಲಿ ಬರೆಯುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ನೀವೆಲ್ಲ ಕೂತ ಜಾಗದ ಬಗ್ಗೆ ಒಂದೆರಡು ಮಾತು. ಕೆರೆ ಎಂದರೆ ತಾನಾಗಿ ಆದ ಸರೋವರ ಅಲ್ಲ, ಕಟ್ಟಿದ್ದು. ನೀವು ಬಿಸಿಲು ಕಾಯಿಸಿದ ಏರಿ, ಇಳಿಜಾರಿಗೆ ಅಡ್ಡಲಾಗಿ ಮಣ್ಣು ಹೊತ್ತು ಹಾಕಿದ ಕಟ್ಟೆ. ಅದರಲ್ಲಿ ನೀರು ಬಿಡಲು ತೂಬು. ತುಂಬಿ ಹೆಚ್ಚಾದ ನೀರು ಏರಿಯನ್ನು ಕೊಚ್ಚದೆ ಪಕ್ಕದಿಂದ ಹರಿದುಹೋಗಲು ಕೋಡಿ. ಆ ಕೋಡಿ ನೀರು ಮುಂದಿನ ಊರಿನ ಕೆರೆಗೆ. ಹೀಗೆ ಸರಪಳಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಎಂಬ ಒಬ್ಬನಿರುತ್ತಿದ್ದ.

ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಊರಾಚೆಯ ಜಮೀನಿಗೆ ನೀರುಣಿಸಲು. ಲಿಂಗಾಂಬುಧಿ ಅದಕ್ಕಿಂತ ಹಳೆಯದು, 1828. ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಅದೇ ದೊರೆ ಕಟ್ಟಿಸಿದರು. ಹೆಂಡತಿ ನೆನಪಿಗೆ ಗೋರಿ ಕಟ್ಟಿಸಿದವರ ಕಥೆ ಎಲ್ಲರಿಗೂ ಗೊತ್ತು. ಕೆರೆ ಕಟ್ಟಿಸಿದವರ ಕಥೆ ಅದೇ ಕೆರೆ ದಂಡೆಯಲ್ಲಿ ಮನೆ ಕಟ್ಟಿದವರಿಗೂ ಗೊತ್ತಿಲ್ಲ.

ಕುವೆಂಪು ಅವರು ಕುಕ್ಕರಹಳ್ಳಿ ದಂಡೆಯಲ್ಲಿ ಅಡ್ಡಾಡುತ್ತಿದ್ದರು. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಅಂದರೆ ನಡೆಯುವವರನ್ನೆಲ್ಲ ‘ನೀರು ನೋಡದವರು’ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಬೇಡ, ಏರಿಮೇಲಿನವರೇ.

ಇನ್ನು ಬಿಸಿಲು. ನಾಲ್ಕು ದಿನದ ಮೋಡ ಕಳೆದು ಸೂರ್ಯ ಬಂದಾಗ ನಿಮಗಿಂತ ಹೆಚ್ಚು ಖುಷಿಪಟ್ಟಿದ್ದು ಕೆರೆಯ ಮೀನು. ಕೊಳಚೆ ಸೇರಿ ಪಾಚಿ ಹೆಚ್ಚಾದ ಕೆರೆಯಲ್ಲಿ ಹಗಲು ಬಿಸಿಲಿದ್ದರೆ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಸಾಲಾಗಿ ಮೋಡ ಕವಿದರೆ ಆದಾಯ ಇಲ್ಲ, ಖರ್ಚು ಮಾತ್ರ. ಅದಕ್ಕೇ ಮೀನು ಸತ್ತು ತೇಲುವುದು ಹೆಚ್ಚಾಗಿ ಬೆಳಗಿನ ಜಾವ ಗೊತ್ತಾಗುತ್ತದೆ. ಮುಂದಿನ ಸಲ ಮೋಡದ ವಾರ ಕಳೆದ ಮೇಲೆ ಕೆರೆಗೆ ಹೋದವರು ದಂಡೆಯ ಅಂಚನ್ನೂ ನೋಡಿ.

ಒಂದು ಎಚ್ಚರಿಕೆ. ಬಿಸಿಲು ಚುರುಗುಟ್ಟಿತು ಎಂದು ಹುಡುಗರು ಕೆರೆಗೆ ಇಳಿಯಬಾರದು. ಮೇಲೆ ಮೊಣಕಾಲುದ್ದ ನೀರು ಕಂಡರೂ ಕೆಳಗೆ ಹೂಳು ಇರುತ್ತದೆ, ಕಾಲು ಹುಗಿದರೆ ಈಜು ಬಂದರೂ ಉಪಯೋಗವಿಲ್ಲ. ತೂಬಿನ ಹತ್ತಿರ ಆಳ ಹೆಚ್ಚು. ಸೇವೆಯಲ್ಲಿದ್ದಾಗ ಇಂಥ ಸ್ಥಳಗಳಿಗೆ ನಾನು ಹೋಗಬೇಕಾಗಿ ಬಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

---

ಕೋಡಿಹರಿದವಳು · ಸೋಮವಾರ ರಾತ್ರಿ 8:41

ಸಾರ್, ನಿಮ್ಮ ಮಗಳಿಗೆ ಥ್ಯಾಂಕ್ಸ್ ಹೇಳಿ. ನಮ್ಮಜ್ಜಿ ಊರಲ್ಲಿ ಕೆರೆ ಕೋಡಿ ಬಿದ್ದ ದಿನ ಬಾಗಿನ ಬಿಡೋಕೆ ಇಡೀ ಊರಿನ ಹೆಂಗಸರು ಏರಿ ಮೇಲೆ ಹೋಗ್ತಿದ್ರಂತೆ. ಅವತ್ತು ಎಷ್ಟು ಹೊತ್ತು ಕೂತ್ರೂ ಯಾರೂ ಏನೂ ಕೇಳ್ತಿರಲಿಲ್ಲ ಅಂತ ಅಜ್ಜಿ ನಗ್ತಿದ್ಲು. ನನ್ನ ಹೆಸರು ಅಲ್ಲಿಂದ ಬಂದಿದ್ದು.

---

ಹಿಮದೂರು (ಮಿನಿಯಾಪೊಲಿಸ್) · ಮಂಗಳವಾರ ಬೆಳಿಗ್ಗೆ 6:30

ಇಲ್ಲಿ ಹೊರಗೆ ಹಿಮ, ಒಳಗೆ ಹೀಟರು, ಕೈಯಲ್ಲಿ ನಿಮ್ಮ ಚರ್ಚೆ. ಮೈಸೂರಿನ ಸರಸ್ವತಿಪುರಂ ಹುಡುಗ ನಾನು, ಕುಕ್ಕರಹಳ್ಳಿ ಕೆರೆ ನಮ್ಮನೆ ಹಿತ್ತಿಲು ಇದ್ದ ಹಾಗೆ.

ಈ ಊರೊಳಗೇ ಕೆರೆಗಳ ಒಂದು ಸರಮಾಲೆ ಇದೆ: ಹ್ಯಾರಿಯೆಟ್, ಬ್ದೆ ಮಕಾ ಸ್ಕಾ, ಲೇಕ್ ಆಫ್ ದಿ ಐಲ್ಸ್, ಸೀಡರ್, ಬ್ರೌನಿ. ಎರಡನೆಯದಕ್ಕೆ ಮೊದಲು ಕಾಲ್ಹೂನ್ ಅಂತ ಹೆಸರಿತ್ತು. 2018ರಲ್ಲಿ ಇಲ್ಲಿನ ಮೂಲನಿವಾಸಿ ಡಕೋಟಾ ಜನರ ಹಳೇ ಹೆಸರನ್ನೇ ವಾಪಸ್ ಕೊಟ್ಟರು. ತೂಬು ಸಾರ್ ಹೇಳಿದ ನಮ್ಮ ಕಡೆ ಕೆರೆಗಳ ಥರ ಇವು ಕಟ್ಟಿದ್ದಲ್ಲ, ಹಿಮನದಿ ಬಿಟ್ಟುಹೋದ ಗುಂಡಿಗಳು. ನಡೆಯೋರಿಗೇ ಬೇರೆ ದಾರಿ, ಸೈಕಲ್‌ಗೆ ಬೇರೆ ದಾರಿ. ಈಜೋ ಕಡೆ ನೀರು ಪರೀಕ್ಷೆ ಮಾಡ್ತಾರೆ, ಕೆಟ್ಟಿದ್ರೆ ಆ ದಂಡೆ ಮುಚ್ಚಿ ಬೋರ್ಡು ಹಾಕ್ತಾರೆ.

ಬಂದ ಹೊಸತರಲ್ಲಿ ನನಗೆ ಅರ್ಥವಾಗದ್ದು ಒಂದೇ. ಮೇ ತಿಂಗಳಲ್ಲಿ ಬಿಸಿಲು ಬಿದ್ದ ತಕ್ಷಣ ಊರಿಗೆ ಊರೇ ಕೆರೆ ದಂಡೆಗೆ ಬಂದು ಚಾಪೆ ಹಾಸಿ ಬಿಸಿಲಲ್ಲಿ ಬಿದ್ಕೊಳ್ಳುತ್ತೆ. ನಾನು, ಇನ್ನಿಬ್ಬರು ಕನ್ನಡದವರು, ಬುತ್ತಿ ಹಿಡ್ಕೊಂಡು ನೆರಳು ಹುಡುಕ್ತಾ ಹೋಗ್ತಿದ್ವಿ. ಆ ಬಯಲಲ್ಲಿ ಮರದಡಿ ಕೂತವರು ನಾವು ಮೂರೇ ಜನ. ಮೂರು ಚಳಿಗಾಲ ಕಳೆದ ಮೇಲೆ ಒಂದು ದಿನ ನನಗೇ ಗೊತ್ತಿಲ್ಲದೆ ಚಾಪೆಯನ್ನ ನೆರಳಿಂದ ಬಿಸಿಲಿಗೆ ಎಳ್ಕೊಂಡೆ. ಗೆಳೆಯ ನೋಡಿ ‘ಹೋಯ್ತು, ಇವನು ಇನ್ನು ಊರಿಗೆ ಬರಲ್ಲ’ ಅಂದ.

ಇಲ್ಲೂ ಒಬ್ಬಳೇ ಕೂತ ಹೆಂಗಸರಿಗೆ ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಪುಸ್ತಕ ಹಿಡ್ಕೊಂಡು ದಿನವಿಡೀ ಒಬ್ಬರೇ ಕೂತವರನ್ನ ‘ಹುಷಾರಿಲ್ವಾ’ ಅಂತ ಕೇಳಿದ್ದು ನಾನು ನೋಡಿಲ್ಲ.

ಈಗ ಕೆರೆ ಗಟ್ಟಿಯಾಗ್ತಾ ಇದೆ. ಜನವರಿಯಲ್ಲಿ ಅದರ ಮೇಲೇ ನಡೀತೀವಿ. ನಮ್ಮಮ್ಮನಿಗೆ ಹೇಳಿದ್ರೆ ಇವತ್ತಿಗೂ ನಂಬಲ್ಲ.

---

ಗುಳುಮುಳುಕ · ಮಂಗಳವಾರ ಬೆಳಿಗ್ಗೆ 9:00

ಹಿಮದೂರಿನವರೇ, ನಿಮ್ಮಲ್ಲಿ ಕೆರೆ ಗಟ್ಟಿಯಾಗೋ ಹೊತ್ತಿಗೆ ಇಲ್ಲಿ ನಮ್ಮ ಚಳಿಗಾಲದ ನೆಂಟರು ಬಂದಿರ್ತಾರೆ, ಅವರದ್ದು ಬೇರೆ ದಾರಿ ಅಷ್ಟೆ. ಮೈಸೂರು ಹತ್ತಿರ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರ್ತವೆ. ಊರಿನ ಹೆಸರೇ ಹದಿನಾರು, ಎಣಿಕೆ ಅಲ್ಲ. ಹಿಂಡಿಗೆ ಹಿಂಡೇ ಬಿಸಿಲಲ್ಲಿ ದಂಡೆ ಮೇಲೆ ನಿದ್ದೆ ಹೊಡೀತಿರುತ್ತೆ. ಕೂತ್ಕೊಳೋದು ಹೇಗೆ ಅಂತ ಅವನ್ನ ನೋಡಿ ಕಲೀಬೇಕು. ದೂರದಿಂದ ನೋಡಿ, ಹತ್ತಿರ ಹೋಗಿ ಹಾರಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ.

---

ಹೊಸಬ · ಮಂಗಳವಾರ ಬೆಳಿಗ್ಗೆ 10:12

ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ಮೈಸೂರಲ್ಲಿ ಯಾವ ಕೆರೆ ಒಳ್ಳೇದು? ಮಗು ಬೇರೆ ಇದೆ, ಐದು ವರ್ಷ.

---

ಏರಿಮೇಲಿನವ · ಮಂಗಳವಾರ ಬೆಳಿಗ್ಗೆ 10:40

ಕಾರಂಜಿ. ಒಳಗೆ ನೆರಳಿದೆ, ಬೆಂಚಿದೆ, ಹಕ್ಕಿಗಳ ದೊಡ್ಡ ಪಂಜರದೊಳಗೇ ನಡೆದು ನೋಡಬಹುದು, ಮಗು ಅಲ್ಲಿಂದ ಬರೋಕೆ ಒಪ್ಪಲ್ಲ. ಪ್ಲಾಸ್ಟಿಕ್ ಒಯ್ಯಬೇಡಿ. ಕುಕ್ಕರಹಳ್ಳಿಯಾದ್ರೆ ಗೇಟಿನ ಹತ್ತಿರದ ಬೆಂಚೇ ಸಾಕು, ಸುತ್ತು ಹೊಡೀಬೇಕಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತು, ಇಲ್ಲ ಸಂಜೆ ನಾಲ್ಕರ ಮೇಲೆ. ಗೇಟಿನ ಹೊತ್ತು ಬೋರ್ಡಲ್ಲಿ ನೋಡ್ಕೊಳಿ, ಮಧ್ಯಾಹ್ನ ಮುಚ್ಚೋ ಕೆರೆಗಳೂ ಇವೆ. ಅಮ್ಮನಿಗೆ ಒಂದು ಟೋಪಿ, ಒಂದು ಬಾಟ್ಲಿ ಮಜ್ಜಿಗೆ. ಸ್ಟೀಲ್ ಬಾಟ್ಲಿ, ಇಲ್ದಿದ್ರೆ ನೇರಮಾತು ಸಾರ್ ಬರ್ತಾರೆ.

---

ನೇರಮಾತು · ಮಂಗಳವಾರ ಬೆಳಿಗ್ಗೆ 10:55

ಬಂದೆ. ಸ್ಟೀಲ್ ಬಾಟ್ಲಿ ಸರಿ. ಮೊನ್ನೆ ನೀವು ಮರದ ಕೆಳಗೆ ಚಿತ್ರಾನ್ನ ತಿಂದ್ರಲ್ಲ, ತಟ್ಟೆ ಯಾವುದು?

---

ಏರಿಮೇಲಿನವ · ಮಂಗಳವಾರ ಬೆಳಿಗ್ಗೆ 10:57

ಮುತ್ತುಗದೆಲೆ ಸಾರ್! ಎಲೆ ಕೂಡ ಡಬ್ಬಿಯಲ್ಲೇ ಮನೆಗೆ ತಂದೆ, ನಮ್ಮನೆಯವಳು ಸಾಕ್ಷಿ.

---

ಕೋಡಿಹರಿದವಳು · ಮಂಗಳವಾರ ರಾತ್ರಿ 9:15

ಒಂದು ಕೇಳ್ತೀನಿ. ಮುಂದಿನ ಭಾನುವಾರ ಬಿಸಿಲಿದ್ರೆ, ಕುಕ್ಕರಹಳ್ಳಿಯಲ್ಲಿ ಎಂಟು ಗಂಟೆಗೆ, ಇಲ್ಲಿರೋ ಮೈಸೂರಿನವರು ಸೇರೋಣ್ವಾ? ನನ್ನ ಇಬ್ಬರು ಗೆಳತಿಯರು ಬರ್ತಾರೆ. ಅವರೂ ನನ್ನ ಹಾಗೇ ವರ್ಷಗಟ್ಟಲೆ ನಡೆದವರು, ಒಂದ್ಸಲವೂ ಕೂತಿಲ್ಲ. ಆ ಮೂಲೆ ಬೆಂಚು ಬೇಕು ನನಗೆ, ಅಜ್ಜ ಬಂದು ‘ಹುಷಾರಿಲ್ವಾ’ ಅಂತ ಕೇಳಿದ್ದು. ಹತ್ತು ಗಂಟೆವರೆಗೂ ಏಳಲ್ಲ.

---

ತೂಬು · ಮಂಗಳವಾರ ರಾತ್ರಿ 9:30

ನಾನು ಬರುತ್ತೇನೆ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೋಡಬೇಕೆನ್ನುವವರಿಗೆ ತೋರಿಸುತ್ತೇನೆ. ಉಳಿದವರು ಕೂತಿರಿ. ಮಗಳೂ ಬರುತ್ತಾಳಂತೆ.

---

ಗುಳುಮುಳುಕ · ಮಂಗಳವಾರ ರಾತ್ರಿ 9:33

ಬೈನಾಕ್ಯುಲರ್ ಎರಡಿದೆ, ತರ್ತೀನಿ. ಹತ್ತಕ್ಕೆ ಏಳೋದಲ್ಲ, ಹತ್ತೂವರೆ. ಗೇಟಿನವರು ಬಿಟ್ರೆ ಹೆಜ್ಜಾರ್ಲೆ ಏರೋದು ನೋಡ್ಕೊಂಡೇ ಹೋಗೋದು.

---

ಹಿಮದೂರು · ಬುಧವಾರ ಬೆಳಿಗ್ಗೆ 6:05

ಸಂಕ್ರಾಂತಿಗೆ ಊರಿಗೆ ಬರ್ತಿದ್ದೀನಿ, ಆವಾಗ ಇನ್ನೊಂದ್ಸಲ ಸೇರಿ ಪ್ಲೀಸ್. ಎಳ್ಳು ಬೆಲ್ಲ ನನ್ನ ಕಡೆಯಿಂದ.

---

ನೇರಮಾತು · ಬುಧವಾರ ಬೆಳಿಗ್ಗೆ 7:10

ಎಂಟಕ್ಕೆ ಸೇರೋದಾದ್ರೆ ನಾನು ಏಳೂವರೆಗೇ ಇರ್ತೀನಿ, ಎರಡು ಖಾಲಿ ಗೋಣಿಚೀಲದ ಜೊತೆ. ತಿಂಡಿ ಯಾರು ತರ್ತೀರಿ?

---

ಏರಿಮೇಲಿನವ · ಬುಧವಾರ ಬೆಳಿಗ್ಗೆ 7:14

ಚಿತ್ರಾನ್ನ ನಂದು. ಕಡ್ಲೆಬೀಜ ಅರ್ಧ ಕೆ.ಜಿ. ನಿನ್ನೆನೇ ತಂದಿಟ್ಟಿದ್ದೀನಿ.